ಆಟದ ನಿಯಮವೂ ಅಂಪೈರರ ತೀರ್ಪೂ

ಪಾಠ, ಪರೀಕ್ಷೆ, ಸಂಗೀತ, ಹೊಲಿಗೆ ಮೊದಲಾದವುಗಳ ಕುರಿತು ಈ ಸಂಚಿಕೆಯಲ್ಲಿ ಬರೆಯಬಲ್ಲವರು ಅನೇಕರಿರುವರು. ನಾನು ಆಟದ ಬಯಲಿನ ಒಂದು ಸಂಗತಿಯನ್ನು ತಮ್ಮ ಮುಂದೆ ಇಡಲು ಅಪೇಕ್ಷಿಸುತ್ತೇನೆ. ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಇದರ ದೆಸೆಯಿಂದ ಒಬ್ಬ ಹುಡುಗಿಯು ಕಣ್ಣೀರು ಸುರಿಸಿದುದನ್ನೂ, ಎರಡು ಮನೆಗಳವರು ಕೆಲವು ದಿನ ಮಾತು ಬಿಟ್ಟುದನ್ನೂ ಕಂಡಿರುವೆನಾದುದರಿಂದ, ವಿವರಿಸಿ ಬರೆಯುವುದು ಅವಶ್ಯವೆಂದು ಎಣಿಸಿದ್ದೇನೆ.

2025ನೆಯ ಇಸವಿ ನವೆಂಬರ್ 2ನೆಯ ತಾರೀಖು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕದವರನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದುದು ತಮಗೆಲ್ಲ ತಿಳಿದ ವಿಷಯವೇ. ಅದಾದ ಮೇಲೆ ಮುಳ್ಳೂರಿನ ಕೊಯ್ಲಾದ ಗದ್ದೆಗಳಲ್ಲಿ ಹುಡುಗಿಯರ ಕ್ರಿಕೆಟ್ಟು ಬಹಳವಾಗಿ ಹೆಚ್ಚಿತು. ಸಂಕ್ರಾಂತಿಯ ಸಮಯದಲ್ಲಿ ಅಂಥ ಒಂದು ಪಂದ್ಯಾಟವು ನಡೆಯುತ್ತಿತ್ತು. ಹಿಪ್ಪುನೇರಳೆಯ ಕೋಲುಗಳೇ ವಿಕೆಟ್ಟುಗಳು. ಸುಣ್ಣದಿಂದ ಎಳೆದ ಗೆರೆಯೇ ಕ್ರೀಸು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಆರು ಹರಳುಗಳನ್ನು ಕೈಯಲ್ಲಿ ಹಿಡಿದು ಅಂಪೈರಾಗಿ ನಿಂತಿದ್ದಳು. ಗೆಲ್ಲುವುದಕ್ಕೆ ಐದು ಓಟಗಳು ಬೇಕಾಗಿದ್ದವು. ಉಳಿದಿದ್ದುದು ಕಡೆಯ ಜೋಡಿ. ಚೆಂಡೆಸೆಯುವ ಹುಡುಗಿಯು ಓಡಿಬಂದವಳು ಕೈಯನ್ನು ಮೇಲೆತ್ತದೆ ನಿಂತು, ತನ್ನ ಪಕ್ಕದ ವಿಕೆಟ್ಟಿಗೆ ಚೆಂಡನ್ನು ತಗಲಿಸಿ, "ಅಕ್ಕಾ, ಔಟಲ್ಲವೆ?" ಎಂದು ಕೂಗಿದಳು. ಆ ತುದಿಯಲ್ಲಿ ಓಡಲು ಸಿದ್ಧಳಾಗಿದ್ದ ಹುಡುಗಿಯು ಆಗಲೇ ಗೆರೆಯಿಂದ ಎರಡು ಹೆಜ್ಜೆ ಮುಂದಿದ್ದಳು. ಅಂಪೈರು ಬೆರಳನ್ನು ಎತ್ತಿದಳು. ಆಟವು ಅಲ್ಲಿಗೆ ಮುಗಿಯಿತು, ಜಗಳವು ಆರಂಭವಾಯಿತು.

"ಮೋಸ, ಮೋಸ" ಎಂಬ ಕೂಗು ಗದ್ದೆಯ ಬದುವಿನ ಮೇಲೆ ನಿಂತಿದ್ದ ದೊಡ್ಡವರಿಂದಲೇ ಮೊದಲು ಹೊರಟಿತು. ಮರುದಿನ ಚೆಂಡೆಸೆದ ಹುಡುಗಿಯು ಆಟಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವಳ ತಾಯಿಯು ನನ್ನನ್ನು ಕಂಡು, "ಟೀಚರಮ್ಮಾ, ಅವಳು ಆಟದಲ್ಲಿ ಸೋತಿದ್ದರೆ ನನಗೆ ದುಃಖವಿರುತ್ತಿರಲಿಲ್ಲ. ಮೋಸಗಾತಿ ಎಂಬ ಹೆಸರನ್ನು ಹೊತ್ತುಕೊಂಡು ಬಂದಿದ್ದಾಳೆ. ಅವಳು ಮಾಡಿದ್ದು ಮೋಸವೇ ಅಲ್ಲವೇ, ನೀವೇ ಹೇಳಿರಿ" ಎಂದು ಕೇಳಿದರು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ, ಆಟದ ನಿಯಮಗಳು ಹೇಗೆ ಹುಟ್ಟಿದವು, ಅಂಪೈರರು ಯಾವ ಆಧಾರದ ಮೇಲೆ ತೀರ್ಪು ಕೊಡುತ್ತಾರೆ ಎಂಬುದನ್ನು ತಿಳಿಸಿ ಉತ್ತರಿಸುವುದು ಮೇಲೆಂದು ನನಗೆ ತೋರಿತು. ಅದೇ ಈ ಲೇಖನದ ಕಾರಣವು.

ಕ್ರಿಕೆಟ್ಟಿನ ನಿಯಮಗಳನ್ನು ಮೊದಲು ಬರಹಕ್ಕೆ ಇಳಿಸಿದ್ದು 1744ರಲ್ಲಿ. 1787ರಲ್ಲಿ ಲಂಡನ್ನಿನಲ್ಲಿ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ಬು ಸ್ಥಾಪಿತವಾಗಿ, ಮರುವರ್ಷದಿಂದ ಈ ನಿಯಮಗಳ ಪೋಷಣೆಯನ್ನು ಕೈಕೊಂಡಿತು. 2017ರ ಸಂಹಿತೆಯಲ್ಲಿ ಒಟ್ಟು 42 ನಿಯಮಗಳಿವೆ. ಇವುಗಳಿಗೆ ಮುಂಚೆ ಆಟದ ಮನೋಧರ್ಮವನ್ನು ಕುರಿತ ಒಂದು ಪೀಠಿಕೆಯಿರುವುದು. ಅದನ್ನು 2000ದಲ್ಲಿ ಸೇರಿಸಿದರು. ನಿಯಮವು ಏನನ್ನು ಮಾಡಬಹುದೆಂದು ತಿಳಿಸುವುದು. ಪೀಠಿಕೆಯು ಅದನ್ನು ಹೇಗೆ ಮಾಡತಕ್ಕದ್ದೆಂದು ನೆನಪಿಸುವುದು. ಬಯಲಿನ ಜಗಳಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಉಂಟಾಗುತ್ತವೆ.

ಮೊದಲು ನಮ್ಮ ಹುಡುಗಿಯ ಸಂಗತಿಯನ್ನೇ ತೆಗೆದುಕೊಳ್ಳೋಣ. ಕ್ರಿಕೆಟ್ಟಿನಲ್ಲಿ ಎರಡು ತುದಿಗಳಲ್ಲಿಯೂ ಒಬ್ಬೊಬ್ಬರು ಬ್ಯಾಟು ಹಿಡಿದು ನಿಂತಿರುತ್ತಾರೆ. ಒಬ್ಬಳು ಚೆಂಡನ್ನು ಎದುರಿಸುತ್ತಾಳೆ. ಇನ್ನೊಬ್ಬಳು ಬೌಲರ ಪಕ್ಕದಲ್ಲಿ ಓಡಲು ಕಾದಿರುತ್ತಾಳೆ. ಎರಡು ವಿಕೆಟ್ಟುಗಳ ನಡುವಣ ದೂರವು 22 ಗಜಗಳು. ಚೆಂಡು ಕೈಬಿಡುವುದಕ್ಕೆ ಮುಂಚೆಯೇ ಎರಡು ಗಜ ಮುಂದೆ ನಿಂತವಳು ಇಪ್ಪತ್ತು ಗಜ ಮಾತ್ರ ಓಡಿದರೆ ಸಾಕಾಗುವುದು. ಇದು ನ್ಯಾಯವಲ್ಲದ ಲಾಭ. ಆದುದರಿಂದ, ಬೌಲರು ಸಾಮಾನ್ಯವಾಗಿ ಚೆಂಡನ್ನು ಬಿಡುವ ಕ್ಷಣವು ಬರುವವರೆಗೆ ಆ ಹುಡುಗಿಯು ಗೆರೆಯ ಹಿಂದೆ ಇರಬೇಕು. ಇಲ್ಲವಾದರೆ ಬೌಲರು ವಿಕೆಟ್ಟನ್ನು ಮುರಿದು ಅವಳನ್ನು ರನ್ ಔಟು ಮಾಡಬಹುದು. ಬೌಲರ ಕೈಯು ಮೇಲಕ್ಕೆ ಹೋಗಿ ಚೆಂಡು ಬಿಡುವ ಸ್ಥಾನವನ್ನು ದಾಟಿತೆಂದರೆ ಈ ಅಧಿಕಾರವು ಮುಗಿಯಿತು. ಆಮೇಲೆ ಹಿಂತಿರುಗಿ ಬಂದು ವಿಕೆಟ್ಟನ್ನು ಮುರಿದರೆ ಔಟಲ್ಲ. ಮುಂಚಿತವಾಗಿ ಎಚ್ಚರಿಸಬೇಕೆಂದು ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ.

ಹಾಗಾದರೆ ಮೋಸವೆಂಬ ಮಾತು ಎಲ್ಲಿಂದ ಬಂದಿತು? 1947ರ ಡಿಸೆಂಬರಿನಲ್ಲಿ ಸಿಡ್ನಿಯ ಟೆಸ್ಟ್ ಪಂದ್ಯದಲ್ಲಿ ನಮ್ಮ ದೇಶದ ವಿನೂ ಮಂಕಡರು ಆಸ್ಟ್ರೇಲಿಯದ ಬಿಲ್ ಬ್ರೌನರನ್ನು ಈ ರೀತಿಯಾಗಿ ಔಟು ಮಾಡಿದರು. ಅದೇ ಪ್ರವಾಸದ ಹಿಂದಿನ ಒಂದು ಪಂದ್ಯದಲ್ಲಿ ಎಚ್ಚರಿಕೆ ಕೊಟ್ಟು, ಅದು ಫಲಿಸದಿರಲು ಔಟು ಮಾಡಿಯೂ ಇದ್ದರು. ವೃತ್ತಪತ್ರಿಕೆಗಳಲ್ಲಿ ಗದ್ದಲವೆದ್ದಾಗ, ಎದುರು ಪಕ್ಷದ ನಾಯಕರಾಗಿದ್ದ ಬ್ರಾಡ್ಮನ್ನರೇ ಮಂಕಡರಲ್ಲಿ ತಪ್ಪಿಲ್ಲವೆಂದು ಹೇಳಿದರು. ಆದರೂ ಗೆರೆ ಬಿಟ್ಟು ಹೋದವರ ಹೆಸರು ಮರೆತುಹೋಗಿ, ಔಟು ಮಾಡಿದವರ ಹೆಸರೇ ಆ ಕಾರ್ಯಕ್ಕೆ ಅಂಟಿಕೊಂಡಿತು. 2022ರ ಸೆಪ್ಟೆಂಬರ್ 24ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ದೀಪ್ತಿ ಶರ್ಮಾ ಎಂಬಾಕೆಯು ಇಂಗ್ಲೆಂಡಿನ ಚಾರ್ಲೀ ಡೀನಳನ್ನು ಹೀಗೆಯೇ ಔಟು ಮಾಡಲು, ಭಾರತವು 16 ಓಟಗಳಿಂದ ಗೆದ್ದಿತು. ಆಗಲೂ ಅದೇ ಗದ್ದಲವಾಯಿತು. ಆ ವಾರ ಕಳೆದ ಕೂಡಲೆ, ಅಂದರೆ ಅಕ್ಟೋಬರ್ 1ರಿಂದ, ಮೊದಲೇ ಗೊತ್ತುಪಡಿಸಿದ್ದ ಒಂದು ತಿದ್ದುಪಡಿಯು ಜಾರಿಗೆ ಬಂದಿತು. ಅದುವರೆಗೆ ಈ ಔಟು "ಅನ್ಯಾಯದ ಆಟ"ವೆಂಬ 41ನೆಯ ನಿಯಮದಲ್ಲಿ ಸೇರಿತ್ತು. ಅದನ್ನು ಅಲ್ಲಿಂದ ತೆಗೆದು "ರನ್ ಔಟು" ಎಂಬ 38ನೆಯ ನಿಯಮದಲ್ಲಿ ಇಟ್ಟರು. ಮಾತು ಹೆಚ್ಚೇನೂ ಬದಲಾಗಲಿಲ್ಲ, ಸ್ಥಾನವು ಬದಲಾಯಿತು. ಇದರಿಂದ ನಿಯಮಕರ್ತರ ಅಭಿಪ್ರಾಯವು ಸ್ಪಷ್ಟವಾಗುವುದು.

ಇಲ್ಲಿ ಕ್ರಿಕೆಟ್ಟಿನ ಸೋದರಿಯರಾದ ಬೇಸ್‌ಬಾಲನ್ನೂ ಸಾಫ್ಟ್‌ಬಾಲನ್ನೂ ನೋಡುವುದು ಪ್ರಯೋಜನಕರವು. ಬೇಸ್‌ಬಾಲಿನಲ್ಲಿ ಓಟಗಾರನು ಚೆಂಡು ಎಸೆಯುವುದಕ್ಕೆ ಮುಂಚೆಯೇ ತನ್ನ ಬೇಸನ್ನು ಬಿಟ್ಟು ಕೆಲವು ಹೆಜ್ಜೆ ಮುಂದೆ ನಿಲ್ಲಬಹುದು. ಚೆಂಡೆಸೆಯುವವನು ಥಟ್ಟನೆ ಆ ಬೇಸಿಗೆ ಚೆಂಡನ್ನು ಕಳುಹಿಸಿ ಅವನನ್ನು ಔಟು ಮಾಡಿಸಬಹುದು. ಇದನ್ನು ಅಲ್ಲಿ ಯಾರೂ ಮೋಸವೆನ್ನುವುದಿಲ್ಲ, ಚಾತುರ್ಯವೆನ್ನುತ್ತಾರೆ. ಆದರೆ ಎಸೆಯುವವನು ನಿಯಮಕ್ಕೆ ವಿರುದ್ಧವಾದ ಸೋಗಿನಿಂದ ಓಟಗಾರನನ್ನು ವಂಚಿಸಿದರೆ ಅದಕ್ಕೆ "ಬಾಕ್" ಎಂದು ಹೆಸರು. ಆಗ ಅಂಪೈರು ಓಟಗಾರರಿಗೆಲ್ಲ ಒಂದೊಂದು ಬೇಸನ್ನು ದಂಡವಾಗಿ ಕೊಡಿಸುತ್ತಾನೆ. ಸಾಫ್ಟ್‌ಬಾಲಿನ ವೇಗದ ಆಟದಲ್ಲಿಯಾದರೋ ಚೆಂಡು ಎಸೆಯುವವಳ ಕೈಬಿಡುವ ತನಕ ಬೇಸಿನಿಂದ ಕಾಲು ತೆಗೆಯಲೇ ಕೂಡದು; ತೆಗೆದರೆ ಅಂಪೈರೇ ಔಟು ಕೊಡುವಳು. ಮೂರು ಆಟಗಳು, ಮೂರು ಉತ್ತರಗಳು. ಆದರೂ ಮೂರರಲ್ಲಿಯೂ ಒಂದು ಮಾತು ಸಮಾನವಾಗಿದೆ: ಮುಂಚಿತವಾಗಿ ಸ್ಥಾನವನ್ನು ಬಿಟ್ಟವರು ಅದರ ಅಪಾಯವನ್ನು ತಾವೇ ಹೊರತಕ್ಕದ್ದು.

ಬೇಸ್‌ಬಾಲಿನ ಇನ್ನೊಂದು ನಿಯಮವು ಹೊಸಬರಿಗೆ ಬಹಳ ವಿಚಿತ್ರವಾಗಿ ತೋರುವುದು. ಮೊದಲನೆಯ ಮತ್ತು ಎರಡನೆಯ ಬೇಸುಗಳಲ್ಲಿ, ಇಲ್ಲವೆ ಮೂರರಲ್ಲಿಯೂ ಓಟಗಾರರಿದ್ದು, ಇಬ್ಬರಿಗಿಂತ ಕಡಿಮೆ ಜನ ಔಟಾಗಿರುವಾಗ, ಒಳಬಯಲಿನವರು ಸುಲಭವಾಗಿ ಹಿಡಿಯಬಹುದಾದಂತೆ ಚೆಂಡು ಮೇಲಕ್ಕೆ ಹಾರಿದರೆ, ಹೊಡೆದವನು ಔಟೆಂದು ಅಂಪೈರು ಕೂಡಲೆ ಸಾರುತ್ತಾನೆ. ಚೆಂಡನ್ನು ಹಿಡಿದರೂ ಔಟು, ಬೀಳಿಸಿದರೂ ಔಟು! ಕಾರಣವನ್ನು ಕೇಳಿದರೆ ವಿಚಿತ್ರವು ಮಾಯವಾಗುವುದು. ಚೆಂಡನ್ನು ಹಿಡಿಯುವರೆಂದು ಎಣಿಸಿ ಓಟಗಾರರು ತಮ್ಮ ಬೇಸುಗಳಲ್ಲಿಯೇ ನಿಂತಿರುತ್ತಾರೆ. ಹಿಡಿಯುವವನು ಬೇಕೆಂದೇ ಚೆಂಡನ್ನು ಬೀಳಿಸಿದರೆ ಅವರೆಲ್ಲರೂ ಮುಂದಕ್ಕೆ ಓಡಲೇಬೇಕಾಗಿ, ಒಬ್ಬನ ಬದಲಿಗೆ ಇಬ್ಬರು ಔಟಾಗುವರು. ಈ ಕುಟಿಲವನ್ನು ತಡೆಯುವುದಕ್ಕಾಗಿ 19ನೆಯ ಶತಮಾನದ ಕೊನೆಯಲ್ಲಿ ಈ ನಿಯಮವನ್ನು ಮಾಡಿದರು. ಇದರಿಂದ ನಾವು ಕಲಿಯಬಹುದಾದುದೇನೆಂದರೆ, ಯಾವ ಉಪಾಯವು ನಿಜವಾಗಿ ವಂಚನೆಯೆಂದು ಕಾಣುವುದೋ ಅದನ್ನು ತಡೆಯಲು ನಿಯಮಕರ್ತರು ನಿಯಮವನ್ನು ಕಟ್ಟುತ್ತಾರೆ. ಗೆರೆ ಬಿಟ್ಟವಳನ್ನು ಔಟು ಮಾಡುವುದನ್ನು ಅವರು ತಡೆಯಲಿಲ್ಲ; ಅದನ್ನು ಅನ್ಯಾಯದ ಪಟ್ಟಿಯಿಂದ ತೆಗೆದುಹಾಕಿದರು.

ಇನ್ನು ಎರಡನೆಯ ಸಂಗತಿ. ಕ್ರಿಕೆಟ್ಟಿನ ಅಂಪೈರು ಕಣ್ಣಿಗೆ ಕಂಡರೂ ತಾನಾಗಿ ಔಟು ಕೊಡತಕ್ಕದ್ದಲ್ಲ. ಎದುರು ಪಕ್ಷದವರು ಕೇಳಬೇಕು. ಬೌಲರು ಮುಂದಿನ ಚೆಂಡಿಗಾಗಿ ಓಡಲು ಆರಂಭಿಸುವುದಕ್ಕೆ ಮುಂಚೆ ಕೇಳಬೇಕು. ಕೇಳದಿದ್ದರೆ ಔಟಾದವಳೂ ಔಟಲ್ಲ. ಕೇಳುವ ಅಧಿಕಾರವುಂಟಾದಂತೆಯೇ ಕೇಳಿದುದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶವೂ ಉಂಟು. ಆದರೆ ಅದನ್ನು ನಾಯಕಿಯು ಅಂಪೈರರ ಒಪ್ಪಿಗೆ ಪಡೆದು, ಮುಂದಿನ ಚೆಂಡು ಆಟಕ್ಕೆ ಬರುವುದರೊಳಗಾಗಿ ಮಾಡಬೇಕು.

ಇದಕ್ಕೆ ನಮ್ಮ ನಾಡಿನವರೇ ಉತ್ತಮ ಉದಾಹರಣೆಯನ್ನು ತೋರಿಸಿರುವರು. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತದ ಕ್ರಿಕೆಟ್ ಮಂಡಲಿಯ ಸುವರ್ಣೋತ್ಸವದ ಟೆಸ್ಟ್ ಪಂದ್ಯವು ಇಂಗ್ಲೆಂಡಿನವರೊಡನೆ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಐದು ವಿಕೆಟ್ಟುಗಳು 58 ಓಟಗಳಿಗೆ ಬಿದ್ದಿದ್ದವು. ಆಗ ಬಾಬ್ ಟೇಲರರು ವಿಕೆಟ್ ಕೀಪರಿಗೆ ಕ್ಯಾಚು ಕೊಟ್ಟರೆಂದು ಅಂಪೈರು ಔಟು ಕೊಟ್ಟರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಕಲಿಲ್ಲವೆಂದು ಮನವರಿಕೆಯಾಗಿತ್ತು. ಅವರು ಅಂಪೈರರೊಡನೆ ಮಾತನಾಡಿ ಟೇಲರರನ್ನು ಹಿಂದಕ್ಕೆ ಕರೆಸಿದರು. ಟೇಲರರೂ ಬಾಥಮರೂ ಕೂಡಿ 171 ಓಟಗಳನ್ನು ಸೇರಿಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಪಂದ್ಯವು ಹೋಯಿತು, ವಿಶ್ವನಾಥರ ಹೆಸರು ಉಳಿಯಿತು. ಇದಕ್ಕೆ ಪ್ರತಿಯಾಗಿ, 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕದ ಆಂಜೆಲೋ ಮ್ಯಾಥ್ಯೂಸರು ಶಿರಸ್ತ್ರಾಣದ ಪಟ್ಟಿ ಕಿತ್ತುಹೋದುದರಿಂದ ಎರಡು ನಿಮಿಷಗಳ ಗಡುವಿನೊಳಗೆ ಚೆಂಡನ್ನು ಎದುರಿಸಲಾರದೆ ಹೋದಾಗ, ಬಾಂಗ್ಲಾದೇಶದ ನಾಯಕರು ತಮ್ಮ ಕೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಪೈರರು ಔಟು ಕೊಟ್ಟರು; ನಿಯಮದಂತೆ ಅದು ಸರಿಯಾದ ತೀರ್ಪೇ.

ಈ ಎರಡು ಸಂಗತಿಗಳನ್ನು ಬೆರೆಸಬಾರದು. ವಿಶ್ವನಾಥರು ಕರೆಸಿದುದು ಔಟೇ ಆಗಿಲ್ಲದ ಆಟಗಾರರನ್ನು. ಅಲ್ಲಿ ಅವರು ಸತ್ಯವನ್ನು ಹೇಳಿದರು. ನಿಜವಾಗಿ ಔಟಾದವರನ್ನು ಕರೆಸುವುದು ದಾಕ್ಷಿಣ್ಯ. ಸತ್ಯವನ್ನು ಹೇಳೆಂದು ಎಲ್ಲರಿಂದಲೂ ನಿರೀಕ್ಷಿಸಬಹುದು. ದಾಕ್ಷಿಣ್ಯವನ್ನು ತೋರಿಸಿದರೆ ಹೊಗಳಬಹುದು. ತೋರಿಸದವರನ್ನು ಮೋಸಗಾರರೆನ್ನಲು ನಮಗೆ ಅಧಿಕಾರವಿಲ್ಲ.

ಮೂರನೆಯದು, ಎಲ್ಲರ ತಲೆಯನ್ನೂ ತಿನ್ನುವ ಎಲ್.ಬಿ.ಡಬ್ಲ್ಯು. ಎಂಬ ಔಟು. "ಕಾಲಿಗೆ ಬಡಿಯಿತು, ಔಟು" ಎಂದು ಬದುವಿನ ಮೇಲಿನವರು ಕೂಗುವರು. ಕಾಲಿಗೆ ಬಡಿದರೆ ಸಾಲದು. ಒಂದು ವಿಕೆಟ್ಟಿನ ಹೊರಗೂಟಗಳೆರಡರಿಂದ ಇನ್ನೊಂದು ವಿಕೆಟ್ಟಿನ ಹೊರಗೂಟಗಳಿಗೆ ಎರಡು ದಾರಗಳನ್ನು ಎಳೆದಿರುವುದೆಂದು ಭಾವಿಸಿರಿ. ನೋ ಬಾಲ್ ಆಗಿಲ್ಲವೆಂದು ತಿಳಿದ ಮೇಲೆ ಅಂಪೈರು ತನ್ನ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಚೆಂಡು ಎಲ್ಲಿ ನೆಲಕ್ಕೆ ಬಿದ್ದಿತು? ಬ್ಯಾಟು ಹಿಡಿದವಳ ಬೆನ್ನ ಕಡೆಯ ದಾರದಿಂದ ಆಚೆ ಬಿದ್ದಿದ್ದರೆ ಅಲ್ಲಿಗೇ ಮುಗಿಯಿತು, ಔಟಲ್ಲ. ದಾರಗಳ ನಡುವೆ ಬಿದ್ದರೂ ಎದುರು ಬದಿಯಲ್ಲಿ ಬಿದ್ದರೂ, ನೆಲಕ್ಕೆ ಬೀಳದೆಯೇ ಬಂದರೂ, ಮುಂದಕ್ಕೆ ಹೋಗಬಹುದು. ಎರಡನೆಯದು, ಮೈಗೆ ತಾಕುವುದಕ್ಕೆ ಮುಂಚೆ ಬ್ಯಾಟಿಗೆ ತಾಕಿತೇ? ತಾಕಿದ್ದರೆ ಔಟಲ್ಲ. ಮೂರನೆಯದು, ಮೈಗೆ ಎಲ್ಲಿ ತಾಕಿತು? ದಾರಗಳ ನಡುವೆ ತಾಕಿರಬೇಕು. ಆದರೆ ಅವಳು ಬ್ಯಾಟಿನಿಂದ ಆಡಲು ನಿಜವಾದ ಪ್ರಯತ್ನವನ್ನೇ ಮಾಡದೆ ಕಾಲನ್ನು ಒಡ್ಡಿದ್ದರೆ, ಎದುರು ಬದಿಯ ದಾರದ ಹೊರಗೆ ತಾಕಿದರೂ ಸಾಕು. ನಾಲ್ಕನೆಯದು, ಮೈಯು ಅಡ್ಡ ಬರದಿದ್ದರೆ ಚೆಂಡು ವಿಕೆಟ್ಟಿಗೆ ಬಡಿಯುತ್ತಿತ್ತೇ? ಮೊದಲಿನ ಮೂರಕ್ಕೆ ಕಣ್ಣು ಸಾಕ್ಷಿ. ನಾಲ್ಕನೆಯದಕ್ಕೆ ಊಹೆಯೇ ಆಧಾರ. ಕಾಲು ಎಂದು ಹೆಸರಿದ್ದರೂ ಹೊಟ್ಟೆಗೆ, ಭುಜಕ್ಕೆ, ತಲೆಗೆ ತಾಕಿದರೂ ಇದೇ ನಿಯಮವು ಅನ್ವಯಿಸುವುದು.

1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ಉರುಳಿಸಿದರು. ಅವುಗಳಲ್ಲಿ ಮೂರು ಎಲ್.ಬಿ.ಡಬ್ಲ್ಯು. ಆ ತುದಿಯಲ್ಲಿ ಅಂಪೈರಾಗಿ ನಿಂತಿದ್ದವರೂ ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶರು. ಸಹಸ್ರಾರು ಜನರು ಕೂಗುತ್ತಿರಲು, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ನಿಮಿಷಾರ್ಧದೊಳಗೆ ಬಿಡಿಸಬೇಕಾದ ಆ ಕೆಲಸವು ಎಷ್ಟು ಕಷ್ಟವೆಂಬುದನ್ನು ತಾವೇ ಯೋಚಿಸಿರಿ.

ಈಗ ದೊಡ್ಡ ಪಂದ್ಯಗಳಲ್ಲಿ ಯಂತ್ರದ ಸಹಾಯವುಂಟು. 2008ರ ಜುಲೈಯಲ್ಲಿ ಭಾರತಕ್ಕೂ ಶ್ರೀಲಂಕಕ್ಕೂ ಕೊಲಂಬೊದಲ್ಲಿ ನಡೆದ ಟೆಸ್ಟಿನಲ್ಲಿ ತೀರ್ಪಿನ ಪುನರ್ವಿಮರ್ಶೆಯನ್ನು ಮೊದಲು ಪರೀಕ್ಷಿಸಿದರು. ಭಾರತದ ನಾಯಕರು ಕುಂಬ್ಳೆಯವರೇ. ಟೆಲಿವಿಷನ್ನಿನಲ್ಲಿ ನೋಡುವವರು, "ಚೆಂಡು ಗೂಟಕ್ಕೆ ತಾಕುವಂತೆ ಚಿತ್ರದಲ್ಲಿಯೇ ಕಾಣುವುದು, ಆದರೂ ಔಟಿಲ್ಲವೇಕೆ?" ಎಂದು ಕೇಳುವುದುಂಟು. ಯಂತ್ರವೂ ಚೆಂಡಿನ ಮುಂದಿನ ದಾರಿಯನ್ನು ಕಂಡಿಲ್ಲ, ಲೆಕ್ಕದಿಂದ ಊಹಿಸಿದೆ. ಆದುದರಿಂದ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗವು ವಿಕೆಟ್ಟಿಗೆ ತಾಕುವುದೆಂದು ಯಂತ್ರವು ತೋರಿಸಿದರೆ, ಬಯಲಿನ ಅಂಪೈರು ಮೊದಲು ಏನು ಹೇಳಿದ್ದರೋ ಅದೇ ನಿಲ್ಲುವುದು. ಔಟೆಂದಿದ್ದರೆ ಔಟು, ಇಲ್ಲವೆಂದಿದ್ದರೆ ಇಲ್ಲ. ಸಂದೇಹವಿರುವಲ್ಲಿ ಹತ್ತಿರ ನಿಂತು ನೋಡಿದ ಮನುಷ್ಯರ ಮಾತಿಗೆ ಗೌರವ ಕೊಡತಕ್ಕದ್ದೆಂಬುದೇ ಇದರ ತಾತ್ಪರ್ಯವು.

ಹಾಗೆಂದು ಅಂಪೈರರು ತಪ್ಪುವುದಿಲ್ಲವೆಂದು ನಾನು ಹೇಳುವುದಿಲ್ಲ. 2019ರ ಜುಲೈ 14ರಂದು ಲಾರ್ಡ್ಸಿನಲ್ಲಿ ನಡೆದ ವಿಶ್ವಕಪ್ಪಿನ ಕಡೆಯ ಪಂದ್ಯದಲ್ಲಿ, ನ್ಯೂಜಿಲೆಂಡಿನವರು ಎಸೆದ ಚೆಂಡು ಓಡುತ್ತಿದ್ದ ಸ್ಟೋಕ್ಸರ ಬ್ಯಾಟಿಗೆ ತಾಕಿ ಎಲ್ಲೆಯನ್ನು ದಾಟಿತು. ಅಂಪೈರರು ಆರು ಓಟಗಳನ್ನು ಕೊಟ್ಟರು. ಚೆಂಡನ್ನು ಎಸೆದ ಕ್ಷಣದಲ್ಲಿ ಓಡುವವರಿಬ್ಬರೂ ಒಬ್ಬರನ್ನೊಬ್ಬರು ದಾಟಿದ್ದರೆ ಮಾತ್ರ ಆ ಓಟವು ಲೆಕ್ಕಕ್ಕೆ ಬರುವುದು. ಎರಡನೆಯ ಓಟದಲ್ಲಿ ಅವರು ದಾಟಿರಲಿಲ್ಲ. ಕೊಡತಕ್ಕದ್ದು ಐದು. ಪಂದ್ಯವು ಸಮವಾಗಿ, ವಿಶೇಷ ಓವರೂ ಸಮವಾಗಿ, ಹೆಚ್ಚು ಬೌಂಡರಿ ಹೊಡೆದರೆಂಬ ಲೆಕ್ಕದಿಂದ ಇಂಗ್ಲೆಂಡಿಗೆ ಕಪ್ಪು ಸಿಕ್ಕಿತು. ಅಂಪೈರರು ಆಮೇಲೆ ತಪ್ಪನ್ನು ಒಪ್ಪಿಕೊಂಡರು. ಬೌಂಡರಿಗಳ ಲೆಕ್ಕವನ್ನು ಅದೇ ವರ್ಷ ಅಕ್ಟೋಬರಿನಲ್ಲಿ ರದ್ದುಮಾಡಿದರು. ಆದರೆ ನ್ಯೂಜಿಲೆಂಡಿನ ನಾಯಕರು ಬಯಲಿನಲ್ಲಿ ಅಂಪೈರರ ಮೇಲೆ ಏರಿಹೋಗಲಿಲ್ಲ. ತೀರ್ಪನ್ನು ಆಟದ ಹೊತ್ತಿನಲ್ಲಿ ಒಪ್ಪಿಕೊಂಡು, ನಿಯಮವನ್ನು ಆಟ ಮುಗಿದ ಮೇಲೆ ತಿದ್ದುವುದೇ ಕ್ರಮವು. ಈ ಕ್ರಮವು ತಪ್ಪಿದರೆ ಪ್ರತಿಯೊಂದು ಚೆಂಡಿಗೂ ಒಂದು ಪಂಚಾಯಿತಿಯನ್ನು ಕೂಡಿಸಬೇಕಾಗುವುದು.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅಮ್ಮಾ, ನಿಮ್ಮ ಮಗಳು ಮೋಸ ಮಾಡಲಿಲ್ಲ. ಅವಳು ಕೈಯನ್ನು ಮೇಲೆತ್ತಿರಲಿಲ್ಲ. ಎದುರು ಹುಡುಗಿಯು ಗೆರೆಯ ಮುಂದೆ ಇದ್ದಳು. ಕೇಳಬೇಕಾದ ಸಮಯದಲ್ಲಿ ಕೇಳಿದಳು. ಅಂಪೈರು ನೋಡಿ ತೀರ್ಪು ಕೊಟ್ಟಳು. ಇದರಲ್ಲಿ ಮರೆಮಾಚಿದುದು ಏನೂ ಇಲ್ಲ. "ಮುಂದೆ ಹೋಗಬೇಡ" ಎಂದು ಒಂದು ಸಲ ಎಚ್ಚರಿಸಿದ್ದರೆ ಚೆನ್ನಾಗಿತ್ತೇ? ಜೊತೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದುವ ಹುಡುಗಿಯರಲ್ಲಿ ಅದು ಶೋಭಿಸುವ ನಡತೆಯೇ. ಮುಂದಿನ ಸಲ ಅವಳು ಹಾಗೆ ಮಾಡಿದರೆ ನಾನು ಸಂತೋಷಪಡುವೆನು. ಮಾಡದಿದ್ದರೆ ಬಯ್ಯಲಾರೆನು. ಔಟಾದ ಹುಡುಗಿಯ ತಾಯಿಗೂ ಒಂದು ಮಾತು: ನಿಮ್ಮ ಮಗಳೂ ಮೋಸ ಮಾಡಲಿಲ್ಲ, ಆತುರಪಟ್ಟಳು. ಚೆಂಡು ಕೈಬಿಡುವ ತನಕ ಬ್ಯಾಟಿನ ತುದಿಯನ್ನು ಗೆರೆಯ ಹಿಂದೆ ಊರಿರಬೇಕೆಂಬ ಒಂದೇ ಅಭ್ಯಾಸದಿಂದ ಈ ದುಃಖವು ತಪ್ಪುವುದು.

ಬದುವಿನ ಮೇಲೆ ನಿಲ್ಲುವ ದೊಡ್ಡವರಾದ ನಮಗೆ ಹೆಚ್ಚಿನ ಬುದ್ಧಿ ಬೇಕಾಗಿದೆ. ಹುಡುಗಿಯರು ಆ ಸಾಯಂಕಾಲವೇ ಜಗಳವನ್ನು ಮರೆಯುತ್ತಿದ್ದರು, ನಾವು ಮರೆಯಗೊಡಲಿಲ್ಲ. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ತಮ್ಮ ಮೊತ್ತಮೊದಲನೆಯ ಟೆಸ್ಟನ್ನು ಆಡಲಿಳಿದಾಗ ಅವರ ನಾಯಕಿಯಾಗಿದ್ದವರು ನಮ್ಮ ರಾಜ್ಯದ ಶಾಂತಾ ರಂಗಸ್ವಾಮಿಯವರು. 2023ರ ಜನವರಿಯಲ್ಲಿ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು ಮಹಿಳೆಯರು ಪುರುಷರ ರಣಜಿ ಪಂದ್ಯಗಳಲ್ಲಿ ಅಂಪೈರಾಗಿ ನಿಂತರು. ಬಯಲಿನ ನಡುವೆ ನಿಂತು ಒಬ್ಬ ಹೆಣ್ಣುಮಗಳು ಬೆರಳೆತ್ತಿದರೆ, ಅವಳ ತೀರ್ಪು ತನಗೆ ಹಿಡಿಸದಿದ್ದರೂ ಒಪ್ಪಿಕೊಂಡು ಹೊರನಡೆಯುವುದನ್ನು ಜನರು ಕಲಿಯುತ್ತಿರುವ ಕಾಲವಿದು. ನಮ್ಮೂರಿನ ಗದ್ದೆಯಲ್ಲಿ ಅದನ್ನು ಮೊದಲು ಕಲಿಯಬೇಕಾದವರು ನಾವೇ.

ಕಡೆಗೆ ಒಂದು ಸೂಚನೆ. ಮುಂದಿನ ಪಂದ್ಯಾಟದಲ್ಲಿ ಆ ಆರು ಹರಳುಗಳನ್ನು ಮನೆಯಲ್ಲಿ ಕುಳಿತಿರುವ ಆ ಹುಡುಗಿಯ ಕೈಯಲ್ಲಿಯೇ ಕೊಡಬೇಕೆಂದು ಅಂಪೈರಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯನ್ನು ಕೇಳಿಕೊಂಡಿದ್ದೇನೆ, ಅವಳು ಒಪ್ಪಿದ್ದಾಳೆ. ನಿಯಮವನ್ನು ಅರಿತವಳು ಅದನ್ನು ಕಾಯುವ ಕೆಲಸವನ್ನೂ ಒಂದು ದಿನ ಮಾಡಿ ನೋಡಲಿ. ಅವಳನ್ನು ಬಯಲಿಗೆ ಕಳುಹಿಸಿರೆಂದು ಅವಳ ತಾಯಿಯವರನ್ನು ಈ ಪುಟದ ಮೂಲಕ ಪ್ರಾರ್ಥಿಸುತ್ತೇನೆ.